ಅಕ್ಕಿ ಹಿಟ್ಟು ಮೆತ್ತಿದ ಜೇನು

ಹೊಳೆ ದಂಡೆಯಲ್ಲಿ ಅಜ್ಜಯ್ಯನ ಆಶ್ರಮ. ಆಶ್ರಮ ಅಂದರೆ ದೊಡ್ಡದೇನೂ ಅಲ್ಲ ಅನ್ನಿ. ಒಂದು ಹೊಂಗೆ ಮರ, ಎರಡು ಕೋಣೆ, ಹಿತ್ತಲಲ್ಲಿ ಒಂಬತ್ತು ಜೇನು ಪೆಟ್ಟಿಗೆ.

ಸುತ್ತಲಿನ ಊರುಗಳಲ್ಲಿ ಹವ್ಯಾಸಕ್ಕೆಂದು ಜೇನು ಸಾಕುವ ನಲವತ್ತು ಮಂದಿ ತಿಂಗಳಿಗೊಂದು ಭಾನುವಾರ ಆ ಮರದಡಿ ಸೇರುತ್ತಿದ್ದರು. ಜೇನು ಬಳಗ ಎಂದು ಹೆಸರು. ಯಾರ ಪೆಟ್ಟಿಗೆ ಬರಿದಾದರೂ ಉಳಿದವರು ತಮ್ಮ ಗೂಡಿನಿಂದ ತುಪ್ಪ, ಮರಿಹುಳ ತುಂಬಿದ ಒಂದೊಂದು ಎರಿ ಕೊಟ್ಟು ಬದುಕಿಸಬೇಕು. ಇದ್ದ ನಿಯಮ ಅದೊಂದೇ. ಹೊರಗೆ ಹಾಕಿಸಿಕೊಂಡವರಿಗೆ ಆ ಎರಿ ಇಲ್ಲ.

ಆ ಭಾನುವಾರ ಡ್ರಿಲ್ ಮೇಷ್ಟ್ರು ಕೆಂಚೇಗೌಡ ಚಪ್ಪಲಿ ಬಿಡುವುದನ್ನೂ ಮರೆತು ಬಂದು ನಿಂತ.

"ಅಜ್ಜಯ್ಯ, ನನ್ನ ಪೆಟ್ಟಿಗೆ ಲೂಟಿ ಆಗ್ತಿದೆ. ನಿನ್ನೆಯಿಂದ ಬೇರೆ ಹುಳ ನುಗ್ಗಿ ತುಪ್ಪ ಹೀರ್ತಿವೆ. ಬಾಗಿಲ ತುಂಬ ಹೆಣ."

"ಯಾರ ಹುಳ?"

"ಇನ್ಯಾರದು? ಬೇಲಿಯಾಚೆ ಸಿಸ್ಟರಮ್ಮನವು."

ಸಿಸ್ಟರಮ್ಮ ಎಂದರೆ ಜಯಶೀಲಮ್ಮ, ನಿವೃತ್ತ ನರ್ಸು. ಅಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದರು.

"ನೋಡಿದೆಯಾ?" ಎಂದರು ಅಜ್ಜಯ್ಯ.

"ನೋಡೋದೇನು? ಪಕ್ಕದಲ್ಲಿ ನಾಲ್ಕು ಪೆಟ್ಟಿಗೆ ಇಟ್ಕೊಂಡಿದಾರೆ. ಬಳಗದ ವಾಟ್ಸಾಪಿನಲ್ಲಿ ನಿನ್ನೆಯೇ ಹಾಕಿದೀನಿ, ಕಳ್ಳ ಜೇನು ಸಾಕ್ತಾರೆ ಅಂತ. ಇವತ್ತೇ ಇವರ ಹೆಸರು ಹೊಡೆದುಹಾಕಿ."

ಜಯಶೀಲಮ್ಮ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಮೂವತ್ತು ವರ್ಷ ಊರಿಗೆಲ್ಲ ಇಂಜೆಕ್ಷನ್ ಚುಚ್ಚಿದೀನಿ ಮೇಷ್ಟ್ರೇ. ಒಬ್ಬರೂ ನನ್ನ ಕಳ್ಳಿ ಅಂದಿರಲಿಲ್ಲ. ನಿನ್ನೆಯಿಂದ ಒಂದು ಫೋನ್ ಬಂದಿಲ್ಲ ನನಗೆ, ಒಂದು."

"ಕದ್ದವರಿಗೆ ಯಾರು ಫೋನ್ ಮಾಡ್ತಾರೆ?"

ನಲವತ್ತು ಜನರಲ್ಲಿ ಅರ್ಧ ಜನ ನೆಲ ನೋಡುತ್ತಿದ್ದರು, ಇನ್ನರ್ಧ ಆಕೆಯ ಕಡೆ ಓರೆಗಣ್ಣಿನಲ್ಲಿ.

"ನೀವು ಹೆಸರು ಹೊಡೆಯದಿದ್ರೂ ಸರಿ, ಅಜ್ಜಯ್ಯ" ಎಂದ ಕೆಂಚೇಗೌಡ. "ಸಕ್ಕರೆ ಪಾಕಕ್ಕೆ ಗಿಡಕ್ಕೆ ಹೊಡೆಯೋ ಔಷಧಿ ಬೆರೆಸಿ ನಾಳೆ ಬೇಲಿ ಮೇಲೆ ಇಡ್ತೀನಿ. ನಾಲ್ಕು ಪೆಟ್ಟಿಗೇನೂ ಸಂಜೆಯೊಳಗೆ ಖಾಲಿ."

ಬಳಗದವರು ಬೆಚ್ಚಿದರು. ಅಜ್ಜಯ್ಯ ಬೆಚ್ಚಲಿಲ್ಲ. ಆದರೆ ಅವರ ಕಿವಿ ಕೆಂಪಾದದ್ದನ್ನು ಹತ್ತಿರವಿದ್ದವರು ಕಂಡರು.

ಅವರು ಒಳಗೆ ಹೋಗಿ ಒಂದು ಬಟ್ಟಲು ಅಕ್ಕಿ ಹಿಟ್ಟು ತಂದು ಅವನ ಕೈಗಿಟ್ಟರು.

"ಲೂಟಿಯಾಗ್ತಿರೋ ಪೆಟ್ಟಿಗೆ ಬಾಗಿಲಲ್ಲಿ ನಿಲ್ಲು. ಹೊಟ್ಟೆ ತುಂಬಿಸ್ಕೊಂಡು ಹೊರಗೆ ಬರೋ ಹುಳದ ಮೇಲೆ ಇದನ್ನ ಉದುರಿಸು. ಬಿಳಿ ಹುಳ ಯಾವ ಮನೆಗೆ ಹೋಗುತ್ತೋ ಆ ಮನೆ ಕಳ್ಳರದು. ವಿಷ ಇಡೋದಾದ್ರೆ ಆ ಮನೆ ಬಾಗಿಲಲ್ಲೇ ಇಡು."

"ಅಜ್ಜಯ್ಯ!" ಎಂದರು ಜಯಶೀಲಮ್ಮ.

"ನೀವೂ ಬನ್ನಿ ತಾಯಿ. ಎಲ್ಲರೂ ನಡೀರಿ."

ಮೇಷ್ಟ್ರ ಮನೆ ಕೂಗಳತೆ ದೂರ. ಹಿತ್ತಲಲ್ಲಿ ಎರಡು ಪೆಟ್ಟಿಗೆ. ಬಾವಿಯ ಹತ್ತಿರದ್ದು ತುಂಬಿ ತುಳುಕುತ್ತಿತ್ತು. ಬೇಲಿಯ ಹತ್ತಿರದ್ದು ಬಡವಾಗಿತ್ತು, ಲೂಟಿಯಾಗುತ್ತಿದ್ದದ್ದು ಅದೇ. ಅದರ ಬಾಗಿಲಲ್ಲಿ ಹುಳಗಳು ಒಂದನ್ನೊಂದು ಕಚ್ಚಿ ಉರುಳುತ್ತಿದ್ದವು.

ಕೆಂಚೇಗೌಡ ಮಂಡಿಯೂರಿದ. ಹೊರಬಂದ ಹುಳಗಳ ಮೇಲೆ ಹಿಟ್ಟು ಉದುರಿಸಿದ.

ಬಿಳಿ ಹುಳಗಳು ಮೇಲೆದ್ದವು. ಬೇಲಿಯತ್ತ ತಿರುಗಿದವು.

"ನೋಡಿ, ನೋಡಿ" ಎಂದು ಅವನು ಬೆರಳು ಚಾಚಿದ.

ಬೇಲಿಯ ಮೇಲಿದ್ದ ಮಲ್ಲಿಗೆ ಬಳ್ಳಿಯವರೆಗೂ ಹೋದ ಹುಳಗಳು ಅಲ್ಲಿ ಒಂದು ಸುತ್ತು ಹಾಕಿ ಹಿಂದಕ್ಕೆ ಬಂದವು. ಅವನ ತಲೆಯ ಮೇಲಿಂದಲೇ ಹಾದು ಬಾವಿಯ ಹತ್ತಿರದ ಪೆಟ್ಟಿಗೆಯೊಳಗೆ ಇಳಿದವು. ಒಂದಾದ ಮೇಲೊಂದು. ಹತ್ತು, ಇಪ್ಪತ್ತು.

ಚಾಚಿದ ಬೆರಳು ಹಾಗೇ ಇತ್ತು.

"ನನ್ನವೇ" ಎಂದ ಕೊನೆಗೆ.

"ಬಡ ಪೆಟ್ಟಿಗೆ ಹುಳಕ್ಕೆ ಕುಡಿಯೋಕೆ ಸಕ್ಕರೆ ಪಾಕ ಯಾವಾಗ ಕೊಟ್ಟೆ?" ಅಜ್ಜಯ್ಯ ಕೇಳಿದರು.

"ನಿನ್ನೆ ಮಧ್ಯಾಹ್ನ."

"ಚೆಲ್ಲಿತಾ?"

"ಸ್ವಲ್ಪ."

"ಹಗಲಲ್ಲಿ ಚೆಲ್ಲಿದ ಪಾಕದ ವಾಸನೆಗೇ ಪಕ್ಕದ ಹುಳ ನುಗ್ಗೋದು. ಸಂಜೆ ಹುಳ ಒಳಗೆ ಸೇರಿದ ಮೇಲೆ ಕೊಡಿ, ಬಾಗಿಲು ಒಂದೇ ಹುಳ ಹಿಡಿಯೋ ಹಾಗೆ ಕಿರಿದು ಮಾಡಿ" ಎಂದರು ಜಯಶೀಲಮ್ಮ. "ಹೋದ ತಿಂಗಳು ಎಲ್ಲರೆದುರೇ ಹೇಳಿದ್ದೆ. ಜ್ವರದ ಮಾತ್ರೆ ಬೇಕಾದಾಗ ಕೇಳ್ತೀನಿ, ಜೇನಿನ ಮಾತು ಬಿಡಿ ಸಿಸ್ಟರ್ ಅಂದಿರಿ. ಇವರೆಲ್ಲ ನಕ್ಕರು."

ಈಗ ಯಾರೂ ನಗಲಿಲ್ಲ.

ಕೆಂಚೇಗೌಡ ಅಜ್ಜಯ್ಯನ ಕಡೆ ತಿರುಗಿದ. ಅವನ ಸಿಟ್ಟಿಗೂ ಒಂದು ಬಾಗಿಲು ಬೇಕಿತ್ತಲ್ಲ.

"ನಿಮಗೆ ಮೊದಲೇ ಗೊತ್ತಿತ್ತು. ಬಾಯಲ್ಲಿ ಹೇಳಬಹುದಿತ್ತು."

"ಗೊತ್ತಿರಲಿಲ್ಲ. ಅದಕ್ಕೇ ಹಿಟ್ಟು ಕೊಟ್ಟೆ. ನಿನಗೂ ಗೊತ್ತಿರಲಿಲ್ಲ. ನೀನು ವಿಷ ಕಲಸೋಕೆ ಹೊರಟೆ."

ಅವನು ಬಟ್ಟಲು ಕೆಳಗಿಟ್ಟ.

ಅಷ್ಟರಲ್ಲಿ ಜಯಶೀಲಮ್ಮ ಬಡ ಪೆಟ್ಟಿಗೆಯ ಮುಂದೆ ಕೂತಾಗಿತ್ತು. ಬಾವಿಯ ಕಟ್ಟೆಯ ಹತ್ತಿರದಿಂದ ಹಸಿ ಹುಲ್ಲು ಕಿತ್ತು, ನೀರಲ್ಲಿ ಅದ್ದಿ, ಬಾಗಿಲಿಗೆ ತುರುಕಿದರು. ಒಂದು ಹುಳ ನುಸುಳುವಷ್ಟು ಸಂದಿ ಬಿಟ್ಟರು. ಎರಡು ಹುಳ ಕೈಗೆ ಕಚ್ಚಿದವು. ಕೊಡವಲಿಲ್ಲ.

ಸ್ವಲ್ಪ ಹೊತ್ತಿಗೆ ನುಗ್ಗಾಟ ತಗ್ಗಿತು. ಮುಚ್ಚಳ ಸರಿಸಿ ನೋಡಿದರು.

"ರಾಣಿ ಬದುಕಿದಾಳೆ. ನಾಳೆ ನಮ್ಮ ಪೆಟ್ಟಿಗೆಯಿಂದ ಒಂದು ಎರಿ ಕಳಿಸ್ತೀನಿ. ಬಳಗದ ನಿಯಮ ಇದೆ ಅಂತ ಕಳಿಸ್ತೀನಿ. ನಿಮ್ಮ ಮುಖ ನೋಡಿ ಅಲ್ಲ."

"ತಪ್ಪಾಯ್ತು ಸಿಸ್ಟರ್. ಕ್ಷಮಿಸಿಬಿಡಿ."

ಆಕೆ ಕೈ ತೊಳೆದರು. ಅವನ ಕಡೆ ನೋಡದೆ ಬೇಲಿಯ ಗೇಟು ದಾಟಿ ತಮ್ಮ ಮನೆಗೆ ಹೋದರು. ಬಾಗಿಲು ಹಾಕಿಕೊಂಡದ್ದು ಈಚೆಯವರೆಗೂ ಕೇಳಿಸಿತು.

ಕೆಂಚೇಗೌಡ ನಿಂತೇ ಇದ್ದ.

"ಅಜ್ಜಯ್ಯ, ವಾಟ್ಸಾಪಿನಲ್ಲಿ ಈಗಲೇ ತಪ್ಪು ನನ್ನದೇ ಅಂತ ಬರೀತೀನಿ. ಮನೆ ಮನೆಗೂ ಹೋಗಿ ಹೇಳ್ತೀನಿ. ಆದ್ರೆ ಅವರು ಇನ್ನೂ ಸಿಟ್ಟಲ್ಲೇ ಇದಾರೆ. ನೀವು ಹೇಳಿದ್ರೆ ಕೇಳ್ತಾರೆ. ಸಿಟ್ಟು ಬಿಡೋಕೆ ಒಂದು ಮಾತು ಹೇಳಿ."

ಅಜ್ಜಯ್ಯ ಬಟ್ಟಲಲ್ಲಿ ಉಳಿದಿದ್ದ ಹಿಟ್ಟನ್ನು ಇರುವೆಗಳಿಗೆ ಸುರಿದರು.

"ಆ ಸಿಟ್ಟು ಅವರದು, ಕೆಂಚೇಗೌಡ. ಅವರ ಮರ್ಯಾದೆ ಕದ್ದದ್ದಾಯ್ತು, ಅದನ್ನೂ ಕದಿಯಬೇಡ."