ವಲ್ಲಿಯ ಕೆಳಗಿನ ಕೈ

"ಗುರುಗಳೇ, ಹೊಸ ವಸ್ತುವಿಗೆ ಮಾಡಿದವನು ಹೇಳಿದ್ದು ಬೆಲೆ. ಹಳೆಯದನ್ನು ಮಾರುವಾಗ, ಕೊಳ್ಳುವಾಗ ನ್ಯಾಯದ ಬೆಲೆ ಇದೇ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಚಂಬಣ್ಣ ಕೇಳಿದ. ಹೊಳೆದಂಡೆಯ ಮಠದ ಜಗಲಿಯಲ್ಲಿ ಕುಳಿತಿದ್ದ ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಹಳೆಯ ಎತ್ತಿನ ಗಾಡಿಗಳನ್ನು ಕೊಂಡು ಮಾರುವುದು ಅವನ ಕಸುಬು. ಆ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ರೂಢಿ ಇರಲಿಲ್ಲ. ಕೊಳ್ಳುವವನೂ ಮಾರುವವನೂ ಕೈ ಕೈ ಹಿಡಿದು ಮೇಲೆ ಹೆಗಲ ವಲ್ಲಿ ಹೊದಿಸುತ್ತಿದ್ದರು. ಎಷ್ಟು ಬೆರಳು ಹಿಡಿದರೆ ಅಷ್ಟು ಬೆಲೆ. ಬೆಲೆ ಕುದುರುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ. ನಮ್ಮ ವ್ಯಾಪಾರಿಯೋ, ಭಾರಿ ಚಾಲಾಕಿ! ಗಾಡಿಯನ್ನು ಅರೆಗಣ್ಣಲ್ಲಿ ನೋಡುತ್ತಿದ್ದ. ಮಾರುವವನ ಕೈಯನ್ನು ಮಾತ್ರ ಚೆನ್ನಾಗಿ ಓದುತ್ತಿದ್ದ. ಕೈ ನಡುಗಿತೋ, ಇವನ ಮನೆಯಲ್ಲಿ ಏನೋ ತಾಪತ್ರಯವಿದೆ, ಎಷ್ಟು ಕೊಟ್ಟರೂ ಒಪ್ಪುತ್ತಾನೆ ಎಂದು ಬೆರಳು ಬಿಟ್ಟು ಬೆಲೆ ಇಳಿಸುತ್ತಿದ್ದ.

ಒಮ್ಮೆ ಒಬ್ಬ ರೈತ ಗಾಡಿ ತಂದ. ವ್ಯಾಪಾರಿ ಬಂದವನೇ ಐದೂ ಬೆರಳು ಹಿಡಿದ. ರೈತನ ಕೈ ಗಡಗಡ ನಡುಗಿತು. ಸಿಕ್ಕಿಬಿದ್ದೆ ಮಗನೇ ಎಂದುಕೊಂಡು ವ್ಯಾಪಾರಿ ಒಂದು ಬೆರಳು ಬಿಟ್ಟ. ಇನ್ನೂ ನಡುಕ. ಮತ್ತೊಂದು ಬಿಟ್ಟ. ಆಗ ನಡುಕ ನಿಂತಿತು.

ವಲ್ಲಿ ತೆಗೆದದ್ದೇ ರೈತ ಉಸ್ಸೆಂದು ಉಸಿರುಬಿಟ್ಟ. "ಬದುಕಿದೆ ಯಜಮಾನರೇ! ನಿಮ್ಮ ಮೊದಲ ಬೆಲೆಗೆ ನನ್ನ ಎದೆಯೇ ನಡುಗಿತು. ಗಾಡಿಯ ಅಚ್ಚಿನಲ್ಲಿ ಬಿರುಕಿದೆ, ಕೀಲೆಣ್ಣೆ ಮೆತ್ತಿಕೊಂಡು ಕಾಣುವುದಿಲ್ಲ. ಹೇಳೋಣವೆಂದರೆ ವಲ್ಲಿ ಬಿದ್ದಾಗಿತ್ತು. ಕೊನೆಗೆ ನೀವೇ ಕಂಡುಹಿಡಿದು ಇಳಿಸಿದಿರಿ. ನಿಮ್ಮಂಥ ಧರ್ಮವಂತರು ಅಪರೂಪ. ಅಚ್ಚು ಬದಲಿಸಿಯೇ ಎತ್ತು ಹೂಡಿ, ಇಳಿಜಾರಿನಲ್ಲಿ ಮುರಿದೀತು" ಎಂದು ಕೈಮುಗಿದು ಹೋದ.

ವ್ಯಾಪಾರಿಯ ಕಿವಿ ಬಿಸಿಯಾದವು. ತಾ ಕಳ್ಳ ಪರರ ನಂಬ ಎನ್ನುತ್ತಾರಲ್ಲ, ಅಧರ್ಮಕ್ಕೆ ಅಂಜಿ ನಡುಗುವ ಕೈಯೂ ಲೋಕದಲ್ಲಿದೆ ಎಂದು ಅವನಿಗೆ ಅದುವರೆಗೆ ತೋಚಿಯೇ ಇರಲಿಲ್ಲ. ಹಿಂದೆ ಹಿಡಿದ ಕೈಗಳೆಲ್ಲ ನೆನಪಾಗಿ ನಾಚಿಕೆಯಾಯಿತು. ಆದರೇನು! ನಾಚಿಕೆಯಿಂದ ಹೊಟ್ಟೆ ತುಂಬೀತೆ ಎಂದುಕೊಂಡು ಅಚ್ಚಿಗೆ ಇನ್ನಷ್ಟು ಕೀಲೆಣ್ಣೆ ಬಳಿದ.

ಮುಂದಿನ ಸಂತೆಗೆ ಒಬ್ಬ ಗಾಣಿಗ ತನ್ನ ಗಾಣದ ಎತ್ತುಗಳನ್ನು ಹೊಡೆದುಕೊಂಡು ಬಂದ. ಜೊತೆಗೆ ಬಾಣಂತಿ ಮಗಳೂ ಕೂಸೂ ಇದ್ದರು. ಅವರನ್ನು ಗುಡ್ಡದಾಚೆಯ ಗಂಡನ ಮನೆಗೆ ಬಿಡಲು ಗಾಡಿ ಬೇಕಿತ್ತು. ವಲ್ಲಿಯ ಕೆಳಗೆ ವ್ಯಾಪಾರಿ ಐದು ಬೆರಳು ಕೇಳಿದ. ಗಾಣಿಗ ಅವನ ಕೈಯನ್ನು ತುಸು ಹೊತ್ತು ಹಾಗೇ ಹಿಡಿದುಕೊಂಡು, ಒಪ್ಪಿ, ವಲ್ಲಿ ತೆಗೆದ.

"ನನಗೆ ಗಾಡಿಯ ವಿಷಯ ತಿಳಿಯದಪ್ಪ. ಕುಂದಿದ್ದಿದ್ದರೆ ನಿನ್ನ ಕೈ ಅಲುಗದೆ ಇರುತ್ತಿತ್ತೆ? ಅಷ್ಟು ಸಾಕು" ಎಂದು ಹಣ ಕೊಟ್ಟ. ಮಗಳನ್ನು ಹತ್ತಿಸಿ, ಕೂಸನ್ನು ಅವಳ ಮಡಿಲಿಗಿಟ್ಟು ಗಾಡಿ ಹೊಡೆದ.

ವ್ಯಾಪಾರಿ ತನ್ನ ಕೈಯನ್ನು ನೋಡಿಕೊಂಡ. ಮೋಸ ಮಾಡುವಾಗ ಕಲ್ಲಿನಂತೆ ನಿಂತಿದ್ದ ಕೈ ಈಗ ನಡುಗುತ್ತಿತ್ತು. ಥೂ, ನನ್ನ ಜನ್ಮಕ್ಕಿಷ್ಟು ಎನಿಸಿತು. ಸಂತೆಯ ಜನ ನೋಡುತ್ತಿದ್ದಂತೆಯೇ ಪಂಚೆ ಎತ್ತಿ ಕಟ್ಟಿ ಓಡಿದ. ಗುಡ್ಡದ ನೆತ್ತಿಯಲ್ಲಿ ಗಾಡಿಗೆ ಅಡ್ಡ ನಿಂತು, ಬಿರುಕಿನ ಸಂಗತಿ ಹೇಳಿ, ಹಣವನ್ನು ಮುಂದೆ ಹಿಡಿದ.

ಗಾಣಿಗ ಬೈಯಲಿಲ್ಲ. ಮಗಳನ್ನು ಕೈಹಿಡಿದು ಇಳಿಸಿಕೊಂಡು, "ಕೂಸನ್ನು ಹತ್ತಿಸುವಾಗ ನೀನು ಅಲ್ಲೇ ನಿಂತಿದ್ದೆಯಲ್ಲ" ಎಂದಷ್ಟೇ ಹೇಳಿದ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೆ ಎಂದು ವ್ಯಾಪಾರಿ ತಲೆತಗ್ಗಿಸಿದ.

ಗುರುಗಳು ಕತೆ ನಿಲ್ಲಿಸಿದರು.

"ಸದ್ಯ, ಹೊತ್ತು ಮೀರುವ ಮೊದಲೇ ಹೇಳಿದನಲ್ಲ, ಪುಣ್ಯಾತ್ಮ" ಎಂದ ಚಂಬಣ್ಣ.

ಗುರುಗಳು ಹೊಳೆಯ ಕಡೆ ನೋಡಿದರು. "ತೂತಿಗೆ ಮೇಣ ಮೆತ್ತಿ ನೀನು ಬೆಳಿಗ್ಗೆ ಮಾರಿದ ಹರಿಗೋಲು ಇನ್ನೂ ನೀರಿಗೆ ಇಳಿದಿಲ್ಲ, ಚಂಬಣ್ಣ."