ವಾರ್ಡನ್ ಸೋತು ಕೊಟ್ಟ ಊರು

ದೀಪಾವಳಿ ರಜೆಗೆ ಹಾಸ್ಟೆಲಿನ ಮಕ್ಕಳೆಲ್ಲ ಊರಿಗೆ ಹೋದರು. ಲಂಬಾಣಿ ತಾಂಡಾದ ಸೋಮ್ಲಿ ಒಬ್ಬಳೇ ಉಳಿದಳು.

"ಕನ್ನಡದಲ್ಲಿ ನಾಲ್ಕು ಮಾತಾಡೋವರೆಗೂ ನಿನಗೆ ರಜೆ ಇಲ್ಲ" ಎಂದಿದ್ದರು ವಾರ್ಡನ್.

ಅಡುಗೆಯ ಶಿವಲಿಂಗವ್ವ ರೊಟ್ಟಿ ತಟ್ಟುತ್ತ ಅವಳಿಗೆ ಒಗಟು ಹೇಳತೊಡಗಿದಳು. ಒಗಟಿನಲ್ಲಿ ಸೋತವರು ಗೆದ್ದವರಿಗೆ ಬಾಯಿಮಾತಿಗೆ ಒಂದು ಊರು ಕೊಡಬೇಕು. ಒಲೆ ಮುಂದೆ ಕೂತೇ ಸೋಮ್ಲಿ ಹತ್ತು ಊರು ಗೆದ್ದಳು.

ನಾಲ್ಕನೇ ದಿನ ವಾರ್ಡನ್ ಪರೀಕ್ಷೆಗೆ ಬಂದರು.

"ರಜೆ ಬಂದ್ರ ಮಾತಿಲ್ಲ, ಯಾರೂ ಹತ್ರ ಬರಂಗಿಲ್ಲ. ಏನದು, ಸರ್?" ಎಂದಳು ಸೋಮ್ಲಿ.

"ನೀನೇ!" ವಾರ್ಡನ್ ನಕ್ಕರು.

"ಅಲ್ರಿ, ಸಾಲಿ ಗಂಟಿ. ಸೋತ್ರಿ, ಊರು ಕೊಡ್ರಿ."

"ಮೈಸೂರು ತಗೋ."

"ಬ್ಯಾಡ್ರಿ. ನಮ್ಮೂರು ಕೊಡ್ರಿ."

ವಾರ್ಡನ್ ಬಾಗಿಲ ಕಡೆ ನೋಡಿದರು. ಶಿವಲಿಂಗವ್ವ ಹುಡುಗಿಯ ಟ್ರಂಕನ್ನು ಬೆಳಿಗ್ಗೆಯೇ ತಂದು ಅಲ್ಲಿಟ್ಟಿದ್ದಳು.

ಸೋಮ್ಲಿಯ ಬಸ್ಸು ಹೋದ ಮೇಲೆ ಶಿವಲಿಂಗವ್ವ ಒಂದೇ ರೊಟ್ಟಿ ತಟ್ಟಿದಳು.