ಅಕ್ಕೋರು ಹಿಡಿದ ಕುಂಚ

ಪೂಜ್ಯ ಎಸ್ತೇರಮ್ಮನವರು ಕೆರೆಹಾಳಕ್ಕೆ ಬಂದಾಗ ಅವರಿಗೊಂದು ಹೆಂಚಿನ ಮನೆ ಕೊಡಲು ಕ್ರೈಸ್ತ ಸಭೆಯ ಹಿರಿಯರು ಸಿದ್ಧರಿದ್ದರು. ಅಮ್ಮನವರು ಒಲ್ಲೆನೆಂದರು. ನೇಕಾರ ಓಣಿಯ ತುದಿಯಲ್ಲಿ ತಾವೇ ತೆರೆದ ಹೆಣ್ಣುಮಕ್ಕಳ ಶಾಲೆಯ ಹಿಂಬದಿಯ ಕೋಣೆಯಲ್ಲೇ ಉಳಿದರು. ಒಂದು ಚಾಪೆ, ಒಂದು ಮಣ್ಣಿನ ಹೂಜಿ, ಗೋಡೆಯ ಮೇಲೆ ಮರದ ಶಿಲುಬೆ. ಎರಡೂ ಮಗ್ಗುಲಲ್ಲಿ ದಿನವಿಡೀ ಮಗ್ಗದ ಸದ್ದು. "ಈ ಗದ್ದಲದಾಗ ಪ್ರಾರ್ಥನಿ ಹೆಂಗ ಮಾಡ್ತೀರಿ?" ಎಂದು ಯಾರಾದರೂ ಕೇಳಿದರೆ, "ಅವರು ದುಡಿಯೂದು ಕೇಳಿಸ್ತದ, ಯಾರಿಗಾಗಿ ಬೇಡಬೇಕು ಅನ್ನೂದು ಮರಿಯೂದಿಲ್ಲ" ಎಂದು ನಗುತ್ತಿದ್ದರು. ಓಣಿಯವರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದರು. ಆ ಸೀಮೆಯಲ್ಲಿ ಶಾಲೆ ಕಲಿಸುವ ತಾಯಂದಿರನ್ನು ಕರೆಯುವುದೇ ಹಾಗೆ.

ಆ ಓಣಿಯಲ್ಲಿ ಬನಪ್ಪನೆಂಬ ನೇಕಾರನಿದ್ದ. ಕೈ ಬಂಗಾರ, ನಾಲಿಗೆ ಮಾತ್ರ ಚಾಕು. ಅವನ ಮಗಳು ಚಂಪವ್ವ ಅಮ್ಮನವರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿ, ಮುಲ್ಕಿ ಪರೀಕ್ಷೆಗೆ ಕುಳಿತು, ಲೆಕ್ಕದಲ್ಲಿ ನಪಾಸಾದಳು. ಮುಲ್ಕಿ ಪಾಸಾದ ಹುಡುಗಿಗೆ ಶಿಕ್ಷಕಿಯ ಕೆಲಸ ಸಿಗುತ್ತಿದ್ದ ಕಾಲ ಅದು. ಓಣಿಯವರು ನಕ್ಕರು. ಬನಪ್ಪ ಮಗಳು ಬರೆಯುವ ಪಾಟಿಯನ್ನು ಅಟ್ಟಕ್ಕೆಸೆದು, "ಒಮ್ಮೆ ತಪ್ಪಿದ ತಲಿಗೆ ಓದು ಮತ್ತ ಹತ್ತೂದಿಲ್ಲ. ಸುಮ್ಮನ ಮದುವಿ ಮಾಡಿದರಾತು" ಎಂದ. ಆದರೂ ತಾಯಿ ಅಂಬವ್ವನ ಒಪ್ಪಿಗೆಯಿಂದ ಮಧ್ಯಾಹ್ನಗಳಲ್ಲಿ ಅಮ್ಮನವರು ಹುಡುಗಿಗೆ ಲೆಕ್ಕ ಹೇಳಿಕೊಡುತ್ತಲೇ ಇದ್ದರು. ಮುಂದೆ ನಡೆದುದನ್ನು ನಮಗೆ ತಿಳಿಸಿದವರೂ ಆ ಅಂಬವ್ವನವರೇ.

ಮರುವರ್ಷದ ಪರೀಕ್ಷೆಯ ದಿನ ಬೆಳಗಾಯಿತು. ತಾಲೂಕಿಗೆ ಹೋಗುವ ಹುಡುಗಿಯರನ್ನೂ ಸಹಾಯಕ ಶಿಕ್ಷಕಿಯನ್ನೂ ಕೂರಿಸಿಕೊಂಡು ಗಾಡಿ ಓಣಿಯ ಬಾಯಲ್ಲಿ ನಿಂತಿತ್ತು. ಅಮ್ಮನವರು ಚಂಪವ್ವನನ್ನು ಕರೆತರಲು ಹೋದರೆ, ಬನಪ್ಪ ಮಗ್ಗಕ್ಕೇರಿಸುವ ಹಾಸುನೂಲನ್ನು ಬೀದಿಯುದ್ದಕ್ಕೂ ಬಿಗಿದಿದ್ದ! ಬಿಗಿದ ನೂಲಿಗೆ ಗಂಜಿ ಹಚ್ಚಿ, ಬಿಸಿಲೇರುವ ಮುನ್ನ ಮನೆಮಂದಿಯೆಲ್ಲ ಎದುರುಬದುರು ನಿಂತು ನಾರಿನ ಕುಂಚದಿಂದ ತೀಡಬೇಕು. ಒಂದು ಕೈ ಕಡಿಮೆಯಾದರೂ ಎಳೆಗಳು ಅಂಟಿಕೊಂಡು, ವಾರಗಟ್ಟಲೆಯ ದುಡಿಮೆ ಮಣ್ಣುಪಾಲು. ಚಂಪವ್ವ ಕುಂಚ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು.

"ಇವತ್ತ ಪರೀಕ್ಷಾ ಐತೆಂತ ನಿಮಗ ಗೊತ್ತಿತ್ತಲ್ಲರೀ" ಎಂದರು ಅಮ್ಮನವರು.

"ಗೊತ್ತಿತ್ತರೀ. ಗಂಜಿಗೆ ಗೊತ್ತಿರಲಿಲ್ಲ" ಎಂದ ಬನಪ್ಪ. ನೆರೆಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

ಅಮ್ಮನವರು ಚಂಪವ್ವನ ಕೈಯಿಂದ ಕುಂಚ ತೆಗೆದುಕೊಂಡರು. "ಅವಳ ಕೈ ಬದಲಿ ನನ್ನ ಕೈ."

"ಅಕ್ಕೋರ, ಇದು ನಿಮ್ಮ ಪ್ರಾರ್ಥನಿ ಅಲ್ಲರೀ. ಕಣ್ಣು ಮುಚ್ಚಿ ನಿಂತರ ನೂಲು ಹರೀತಾವು." ಬನಪ್ಪ ಹಲ್ಲು ಕಿಸಿದ. "ಆಗ್ಲಿ, ನೋಡೇ ಬಿಡೂಣು. ಹುಡುಗಿ ಗಾಡಿ ಹತ್ತಲಿ. ಗಾಡಿ ಮಾತ್ರ ಅಲ್ಲೇ ನಿಂದರಲಿ. ಒಂದು ಸುತ್ತು ತೀಡೂತನಕ ನೂಲು ಹರೀಲಿಲ್ಲಂದ್ರ ಹೋಗ್ಲಿ. ಹರದ್ರ ಇಳೀತಾಳ. ಒಪ್ಪಿಗಿ ಐತಿ?"

"ಒಪ್ಪಿಗಿ" ಎಂದರು ಅಮ್ಮನವರು. ಚಂಪವ್ವ ಓಡಿಹೋಗಿ ಗಾಡಿ ಹತ್ತಿದಳು.

ಕುಂಚವನ್ನು ಒಂದೇ ದಿಕ್ಕಿಗೆ ಎಳೆಯಬೇಕು, ಹಿಂದಕ್ಕೆ ತರುವಾಗ ಎತ್ತಿಕೊಳ್ಳಬೇಕು. ಓಣಿಯ ಕೂಸಿಗೂ ಗೊತ್ತಿರುವ ಸಂಗತಿ, ಅಮ್ಮನವರಿಗೆ ಗೊತ್ತಿರಲಿಲ್ಲ. ವರ್ಷಗಟ್ಟಲೆ ಕರಿಹಲಗೆ ಒರೆಸಿದ ಕೈ, ಅದೇ ಅಭ್ಯಾಸದಲ್ಲಿ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಓಡಿತು. ಎದುರು ಬದಿಯಲ್ಲಿದ್ದ ಅಂಬವ್ವ "ಅಯ್ಯ, ಅಯ್ಯ!" ಎನ್ನುವಷ್ಟರಲ್ಲಿ ಪಟಪಟನೆ ಹಿಡಿಯಷ್ಟು ಎಳೆಗಳು ಹರಿದು ಜೋತುಬಿದ್ದವು.

"ಏ ಚಂಪೀ!" ಬನಪ್ಪ ಓಣಿ ಹಾರಿಹೋಗುವಂತೆ ಕೂಗಿದ. "ಗಾಡಿ ಇಳಿ! ಹರೀತು ನೂಲು, ಮುಗೀತು ನಿನ್ನ ಪರೀಕ್ಷಾ!"

ಹುಡುಗಿ ಅಳುತ್ತ ಇಳಿಯಲು ಗಾಡಿಯ ಗಾಲಿಯ ಮೇಲೆ ಕಾಲಿಟ್ಟಳು. ಅಮ್ಮನವರು ನೆಪ ಹೇಳಲಿಲ್ಲ, ವಾದಿಸಲಿಲ್ಲ. ಗಂಜಿ ಮೆತ್ತಿದ ಕೈಗಳನ್ನು ಜೋಡಿಸಿ ಬನಪ್ಪನ ಎದುರು ನಿಂತರು.

"ಬನಪ್ಪನವರ, ಇವತ್ತ ನಾ ನಿಮ್ಮ ಶಾಲಿಗೆ ಬಂದೀನಿ. ನಾ ತಪ್ಪಿದೆ. ಬೇಕಾದಷ್ಟು ಬೈರಿ. ಆದರ ಕಲಿಸದೇ ಹೊರಗ ಹಾಕಬ್ಯಾಡ್ರಿ."

ಅಷ್ಟರಲ್ಲಿ ಬಿಸಿಲು ಚುರುಗುಡುತ್ತಿತ್ತು, ಹರಿದ ಎಳೆ ಒಣಗುತ್ತಿತ್ತು. ಎಂಥ ಸಿಟ್ಟಿದ್ದರೂ ನೇಕಾರ ಹರಿದ ನೂಲನ್ನು ನೋಡುತ್ತ ನಿಲ್ಲಲಾರ. ನೂಲು ಜಾರದಂತೆ ಬೆರಳಿಗೆ ಹಚ್ಚುವ ಬೂದಿಯ ಪರಟೆ ಎಳೆದುಕೊಂಡು ಬನಪ್ಪ ಕುಕ್ಕರಗಾಲಲ್ಲಿ ಕುಳಿತ.

"ಬರ್ರಿ ಇಲ್ಲೆ. ಬೆರಳಿಗೆ ಬೂದಿ ಹಚ್ಚಿಕೊಳ್ರಿ. ಎರಡೂ ತುದಿ ಕೂಡಿಸ್ರಿ... ಹಂಗಲ್ಲರೀ! ಜಗ್ಗಬ್ಯಾಡ್ರಿ, ಹೊಸೀರಿ."

ಅಮ್ಮನವರು ಹೊಸೆದರು. ಬಿಚ್ಚಿತು. ಇನ್ನೊಮ್ಮೆ ಹೊಸೆದರು. ಅದೂ ಬಿಚ್ಚಿತು.

"ಇರಲಿ. ಮತ್ತ ಮಾಡ್ರಿ" ಎಂದ ಬನಪ್ಪ.

ಅಂದವನ ಕೈ ಬೂದಿಯ ಪರಟೆಯಲ್ಲೇ ನಿಂತಿತು. ತನ್ನ ಬಾಯಿಂದ ಬಂದ ಮಾತು ತನಗೇ ಕೇಳಿಸಿತ್ತು. ಅಮ್ಮನವರು ತಲೆಯೆತ್ತಲಿಲ್ಲ, ಏನೂ ಅರಿಯದವರಂತೆ ಮತ್ತೆ ಹೊಸೆಯತೊಡಗಿದರು. ತಪ್ಪಿದವರನ್ನು ಮತ್ತೆ ಹತ್ತಿರ ಕೂರಿಸಿಕೊಳ್ಳುವ ನಮ್ಮ ಕರ್ತನು ಆ ಬೀದಿಯಲ್ಲಿ, ಆ ಬೂದಿಯ ಪರಟೆಯ ಬಳಿಯಲ್ಲೇ ಇದ್ದನೆಂದು ನಾವು ನಂಬುತ್ತೇವೆ. ಈ ಸಲ ಎಳೆ ನಿಂತಿತು.

ಬನಪ್ಪ ಕತ್ತು ಹೊರಳಿಸದೆಯೇ ಕೂಗಿದ: "ಏ ಗಾಡಿಯಂವಾ, ಏನ್ ಬಾಯಿ ತಕ್ಕೊಂಡು ನೋಡ್ತಿ? ಹುಡುಗ್ಯಾರಿಗೆ ಹೊತ್ತಾಗೂದಿಲ್ಲೇನು? ಹೊಡಿ ಗಾಡಿ!" ಗಾಲಿಯ ಮೇಲಿದ್ದ ಕಾಲನ್ನು ಚಂಪವ್ವ ಒಳಗೆಳೆದುಕೊಂಡಳು.

ಸಂಜೆ ಚಂಪವ್ವ ಮರಳಿ ಬಂದಾಗ ಮುಖ ಸಪ್ಪಗಿತ್ತು. "ಅಪ್ಪಾ, ಒಂದು ಲೆಕ್ಕ ತಪ್ಪೇತಿ ಅನಸ್ತೈತಿ" ಎಂದಳು.

"ಅಕ್ಕೋರಿಗೆ ತೋರಿಸಿದೇನು?" ಎಂದ ಬನಪ್ಪ.

"ಇಲ್ಲ."

"ಮತ್ತ ಇಲ್ಲೇನ್ ಮಾಡಾಕತ್ತಿ? ನಡಿ."

ಮಗಳನ್ನು ಮುಂದೆ ಬಿಟ್ಟುಕೊಂಡು ಬನಪ್ಪ ತಾನೂ ಹೊರಟ. ಅದುವರೆಗೆ ಶಾಲೆಯ ಹೊಸ್ತಿಲು ತುಳಿಯದವನು ಚಪ್ಪಲಿ ಕಳಚಿ ಒಳಗೆ ಬಂದ. ಅಮ್ಮನವರು ಬೊಕ್ಕೆಯೆದ್ದ ಅಂಗೈಯಲ್ಲೇ ಬಳಪ ಹಿಡಿದು ಎದ್ದು ನಿಂತು, ಕೂರಲು ಕುರ್ಚಿ ತೋರಿಸಿದರು. ಅವನು ಕುರ್ಚಿಯ ಕಡೆಗೆ ಹೋಗದೆ ಮಕ್ಕಳು ಕೂರುವ ಗೋಣಿತಟ್ಟಿನ ಮೇಲೆ ಮಗಳ ಮಗ್ಗುಲಲ್ಲೇ ಕಾಲು ಮಡಚಿದ.

"ಆ ಲೆಕ್ಕ ನನಗೂ ಬರೂದಿಲ್ಲರೀ ಅಕ್ಕೋರ" ಎಂದ. "ಮೊದಲಿಂದ ಹೇಳ್ರಿ."